‘ನಾವು’ ಅಂದರೆ ಯಾರು? ಕಾಸರಗೋಡಿನ ವೇದಿಕೆಗಳಲ್ಲಿ ಹಕ್ಕಿನ ಮಾತು

ಕಾಸರಗೋಡಿನಲ್ಲಿ ಯಾವ ಪಕ್ಷದ ಸಭೆಗೆ ಹೋದರೂ ಮೊದಲ ಐದು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತದೆ. ‘ಸಪ್ತಭಾಷಾ ಸಂಗಮ ಭೂಮಿ.’ ಮಲಯಾಳಂ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಅಂತ ಬೆರಳು ಮಡಚಿ ಎಣಿಸುವವರೂ ಇದ್ದಾರೆ. ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ, ಯಾಕೆಂದರೆ ಆ ಮಾತು ಸುಳ್ಳಲ್ಲ. ಕುಂಬಳೆ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ನಾಲ್ಕು ಭಾಷೆಯಾದರೂ ಕಿವಿಗೆ ಬೀಳುತ್ತದೆ. ಮೀನು ಕೊಳ್ಳುವ ಭಾಷೆಯೇ ಬೇರೆ, ಬ್ಯಾಂಕಿನ ಭಾಷೆಯೇ ಬೇರೆ, ಮನೆಗೆ ಫೋನ್ ಮಾಡುವ ಭಾಷೆಯೇ ಬೇರೆ.

ಆದರೆ ಆ ಮಾತು ಮಾಡುವ ಕೆಲಸ ಏನು ಅಂತ ಸ್ವಲ್ಪ ನೋಡಬೇಕು. ಅದು ಭೂಮಿಯನ್ನು ಹೊಗಳುತ್ತದೆ. ಆ ಭೂಮಿಯ ಮೇಲೆ ಅರ್ಜಿ ಹಿಡಿದು ನಿಂತ ಮನುಷ್ಯನ ಬಗ್ಗೆ ಏನೂ ಹೇಳುವುದಿಲ್ಲ. ‘ಇದು ಏಳು ಭಾಷೆಗಳ ಊರು’ ಅನ್ನುವುದು ಒಂದು ವಾಕ್ಯ. ‘ಕನ್ನಡದಲ್ಲಿ ಅರ್ಜಿ ಬರೆದವನಿಗೆ ಕನ್ನಡದಲ್ಲೇ ಉತ್ತರ ಕೊಡಬೇಕು’ ಅನ್ನುವುದು ಇನ್ನೊಂದು. ಮೊದಲನೆಯದು ಬಣ್ಣನೆ. ಎರಡನೆಯದು ಸಾಲ, ಯಾರೋ ತೀರಿಸಲೇಬೇಕಾದದ್ದು. ವೇದಿಕೆಯಲ್ಲಿ ಮೊದಲನೆಯದು ಎಷ್ಟು ಸಲ ಬರುತ್ತದೆ, ಎರಡನೆಯದು ಎಷ್ಟು ಸಲ ಬರುತ್ತದೆ ಅಂತ ಎಣಿಸುವ ಅಭ್ಯಾಸ ನನಗೆ ಹಿಡಿದು ಕೆಲವು ವರ್ಷಗಳಾದವು.

ಈ ಅಭ್ಯಾಸಕ್ಕೆ ಕಾರಣ ಒಂದು ಚೀಟಿ. ನನ್ನ ಅಮ್ಮನಿಗೆ ಪಿಂಚಣಿ ವಿಚಾರವಾಗಿ ಒಂದು ಕಚೇರಿಯಿಂದ ನೋಟಿಸ್ ಬಂತು, ಪೂರ್ತಿ ಮಲಯಾಳಂನಲ್ಲಿ. ಅಮ್ಮ ಕನ್ನಡ ಶಾಲೆಗೆ ಹೋದವರು, ಮಲಯಾಳಂ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಪಕ್ಕದ ಮನೆಯ ಹುಡುಗ ಓದಿ ಹೇಳುವ ಹೊತ್ತಿಗೆ ದಾಖಲೆ ಕೊಡುವ ದಿನ ದಾಟಿತ್ತು. ಆ ವಾರವೇ ನಮ್ಮೂರಲ್ಲಿ ಒಂದು ಸಭೆ. ಸಪ್ತಭಾಷೆಯ ಮಾತಿಗೆ ಅಮ್ಮನೂ ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೂ ತಮಿಳರಿಗೂ ಸರ್ಕಾರದ ಜತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆ ದಿನದ ಭಾಷಣದಲ್ಲಿ ಕಾಯ್ದೆಯ ಹೆಸರೂ ಬರಲಿಲ್ಲ.

ಮಾತಿನ ಅಲಂಕಾರವನ್ನೇ ಬೈಯುವುದು ನನ್ನ ಉದ್ದೇಶ ಅಲ್ಲ. ಹಕ್ಕಿನ ಹೋರಾಟಕ್ಕೆ ಅಲಂಕಾರ ಬೇಕೇ ಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿ ಕರೆದರು. ರಾಜ್ಯ ಪುನರ್ವಿಂಗಡಣೆ ಅನ್ನುವ ಕಾಗದದ ಮಾತು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಬೆಂಕಿ ಕೆಡಿಸುತ್ತದೆ. ಒಂದು ರೂಪಕದಿಂದ ಇಡೀ ತಲೆಮಾರು ಎದ್ದು ನಿಂತಿತು. ಹಾಗಾಗಿ ಪ್ರಶ್ನೆ ಅಲಂಕಾರ ಇದೆಯಾ ಇಲ್ಲವಾ ಅಂತ ಅಲ್ಲ. ಆ ಅಲಂಕಾರ ಕೇಳುವವನನ್ನು ಎಲ್ಲಿ ನಿಲ್ಲಿಸುತ್ತದೆ ಅಂತ. ಬೆಂಕಿ ಬಿದ್ದ ಮನೆಯ ರೂಪಕದಲ್ಲಿ ಕೇಳುವವನ ಕೈಗೆ ಕೊಡ ಬರುತ್ತದೆ, ಅವನು ಓಡಬೇಕು. ಸಪ್ತಭಾಷೆಯ ಮಾತಿನಲ್ಲಿ ಅವನು ಕುರ್ಚಿಯಲ್ಲಿ ಕೂತೇ ಇರಬಹುದು.

ಇನ್ನೊಂದು ರೂಪಕ ಗಡಿಯ ಆ ಕಡೆಯಿಂದ ಬರುತ್ತದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಕಾಸರಗೋಡು ಅಂದರೆ ತಾಯಿಯಿಂದ ಬೇರೆಯಾದ ಮಗು. ಗಡಿ ವಿವಾದ ಪರಿಶೀಲಿಸಿದ ಮಹಾಜನ್ ಆಯೋಗದ ನೆನಪು, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಅದು 1967ರಲ್ಲಿ ಹೇಳಿದ್ದು, ಆ ವರದಿ ಜಾರಿಯಾಗದೆ ಉಳಿದದ್ದು, ಆಮೇಲೆ ಅಳುವ ಮಗು. ಈ ರೂಪಕ ಕೇಳಿ ನನ್ನ ಅಜ್ಜನ ಕಣ್ಣು ಒದ್ದೆಯಾಗುತ್ತಿತ್ತು. ಅವರ ದುಃಖ ನಿಜವಾದದ್ದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮಗುವಿಗೆ ಯಾರೂ ‘ನಿನಗೇನು ಬೇಕು’ ಅಂತ ಕೇಳುವುದಿಲ್ಲ, ಎತ್ತಿಕೊಳ್ಳುತ್ತಾರೆ ಅಥವಾ ಬಿಡುತ್ತಾರೆ. ಇಲ್ಲಿನ ಕನ್ನಡಿಗ ಸಂವಿಧಾನದ 29, 30, 350 ಎ ವಿಧಿಗಳ ಬಲ ಇರುವ ಪ್ರಜೆ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬೇಕು ಅಂತ ಹೇಳುವ 350 ಎ ವಿಧಿ ಸೇರಿದ್ದು ರಾಜ್ಯಗಳ ಗೆರೆ ಬದಲಾದ ಅದೇ 1956ರಲ್ಲಿ, ಏಳನೇ ತಿದ್ದುಪಡಿಯಲ್ಲಿ. ಗೆರೆ ಎಳೆದವರಿಗೆ ಗೆರೆಯ ತಪ್ಪು ಬದಿಯಲ್ಲಿ ಕೆಲವರು ಉಳಿಯುತ್ತಾರೆ ಅಂತ ಗೊತ್ತಿತ್ತು. ಅವರಿಗೆಂದೇ ಆ ವಿಧಿ. ಅಳುವ ಮಗುವಿನ ಚಿತ್ರ ದೊಡ್ಡದಾದಷ್ಟು ಆ ವಿಧಿ ಚಿಕ್ಕದಾಗಿ ಕಾಣುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅದು ‘ನಾವು’ ಅನ್ನುವ ಎರಡಕ್ಷರದ ಬಗ್ಗೆ.

ಪುಸ್ತಕದ ಕನ್ನಡದಲ್ಲಿ ‘ನಾವು’ ಒಂದೇ. ‘ನಾವು ಊಟಕ್ಕೆ ಹೋಗುತ್ತೇವೆ’ ಅಂದರೆ ಕೇಳುವವನೂ ಸೇರಿದ್ದಾನಾ ಇಲ್ಲವಾ ಅಂತ ಆ ಪದದಿಂದ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಹಾಗಲ್ಲ. ನಿನ್ನನ್ನೂ ಸೇರಿಸಿ ನಾವು ಅಂದರೆ ‘ನಮ’. ನಿನ್ನನ್ನು ಬಿಟ್ಟು ನಾವು ಅಂದರೆ ‘ಎಂಕುಲು’. ಮಲಯಾಳಂನಲ್ಲೂ ಹಾಗೆಯೇ, ‘ನಮ್ಮಳ್’ ಬೇರೆ, ‘ಞಙ್ಙಳ್’ ಬೇರೆ. ನಮ್ಮ ಹವ್ಯಕರ ಮನೆಮಾತಿನಲ್ಲೂ ‘ನಾವು’ ಬೇರೆ, ‘ಎಂಗೊ’ ಬೇರೆ. ಈ ಭಾಷೆಗಳಲ್ಲಿ ಮಾತಾಡುವವನು ಬಾಯಿ ತೆರೆಯುವ ಮೊದಲೇ ತೀರ್ಮಾನ ಮಾಡಬೇಕು, ಎದುರಿಗಿರುವವನು ಒಳಗೋ ಹೊರಗೋ ಅಂತ. ಕನ್ನಡದ ಭಾಷಣಕಾರ ಆ ತೀರ್ಮಾನವನ್ನು ಮುಂದೂಡಬಹುದು. ‘ನಾವು ಹೋರಾಡಿದೆವು’ ಅಂದಾಗ ಯಾರು ಹೋರಾಡಿದ್ದು? ಪಕ್ಷವೋ, ಊರೋ? ‘ನಾವು ನಿಮ್ಮ ಜೊತೆಗಿದ್ದೇವೆ’ ಅಂದಾಗ ಆ ‘ನಾವು’ ನಾಳೆ ಬೆಳಿಗ್ಗೆ ಎಲ್ಲಿರುತ್ತದೆ?

ಇದು ಸುಮ್ನೆ ವ್ಯಾಕರಣದ ವಿಚಾರ ಅಲ್ಲ. 2020ರ ಮಾರ್ಚ್ ಕೊನೆಯಲ್ಲಿ ಅದು ಜೀವದ ವಿಚಾರವೇ ಆಯಿತು. ಕೋವಿಡ್ ಹರಡುತ್ತಿದ್ದಾಗ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದರು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ತಿರುವನಂತಪುರ 500ಕ್ಕೂ ಜಾಸ್ತಿ. ಡಯಾಲಿಸಿಸ್, ಹೃದಯದ ತೊಂದರೆ, ಹೆರಿಗೆ, ಏನೇ ಇರಲಿ, ಇಲ್ಲಿನ ಜನ ತಲೆಮಾರುಗಳಿಂದ ಓಡುತ್ತಿದ್ದದ್ದು ಮಂಗಳೂರಿಗೆ. ಆ ದಿನಗಳಲ್ಲಿ ಆಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸ್ ಬಂದವು. ದಾರಿ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂತು.

ಆಗಿನ ಮಾತುಗಳನ್ನು ನೆನಪಿಸಿಕೊಳ್ಳಿ. ಕರ್ನಾಟಕದ ಕಡೆ ‘ನಮ್ಮ ಜನರ ಆರೋಗ್ಯ ನಮಗೆ ಮುಖ್ಯ’ ಅನ್ನುವ ಧಾಟಿ. ಆಗ ಕಾಸರಗೋಡಿನಲ್ಲಿ ಸೋಂಕು ಹೆಚ್ಚಿತ್ತು, ಅವರ ಭಯಕ್ಕೆ ಆಧಾರ ಇತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ‘ನಮ್ಮ ಜನ’ದಲ್ಲಿ ಕಾಸರಗೋಡಿನ ಕನ್ನಡಿಗ ಇರಲಿಲ್ಲ. ನವೆಂಬರ್‌ನಲ್ಲಿ ‘ನಮ’ ಆಗಿದ್ದವನು ಮಾರ್ಚ್‌ನಲ್ಲಿ ‘ಎಂಕುಲು’ವಿನ ಹೊರಗೆ ಬಿದ್ದಿದ್ದ. ಪದ ಬದಲಾಗಲಿಲ್ಲ. ಅದೇ ‘ನಾವು’. ಮಗು ಬಾಗಿಲು ಬಡಿಯುತ್ತಿತ್ತು, ಬಾಗಿಲ ಮುಂದೆ ಮಣ್ಣಿನ ರಾಶಿ ಇತ್ತು.

ಕೇರಳದ ಕಡೆ ಮಾನವೀಯತೆಯ ಮಾತು, ಬದುಕುವ ಹಕ್ಕಿನ ಮಾತು. ಅದು ಸರಿಯಾದ ಮಾತೇ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೂಡ ಹಾಗೆಯೇ ಹೇಳಿತು, ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು 21ನೇ ವಿಧಿಯ ಬದುಕುವ ಹಕ್ಕಿಗೆ ಪೆಟ್ಟು ಅಂತ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳಿಗೆ ದಾರಿ ಬಿಡುವ ನಿಯಮದ ಮೇಲೆ ಏಪ್ರಿಲ್ 7ಕ್ಕೆ ಮುಗಿಯಿತು. ಆದರೆ ಆ ಭಾಷಣಗಳಲ್ಲಿ ಒಂದು ಪ್ರಶ್ನೆಗೆ ಜಾಗ ಇರಲಿಲ್ಲ. ಇಡೀ ಜಿಲ್ಲೆ ಪಕ್ಕದ ರಾಜ್ಯದ ಆಸ್ಪತ್ರೆಗಳನ್ನೇ ನಂಬಿ ಬದುಕಬೇಕಾದ ಸ್ಥಿತಿ ಯಾಕೆ ಬಂತು? ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. 2020ರ ಏಪ್ರಿಲ್‌ನಲ್ಲಿ ಅಲ್ಲಿ ಪಾಠದ ಕಟ್ಟಡ ಇತ್ತು, ಆಸ್ಪತ್ರೆ ಇರಲಿಲ್ಲ. ಆ ಪಾಠದ ಕಟ್ಟಡವನ್ನೇ ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಎದುರು ಕಡೆಯವರ ತಪ್ಪು ಅಷ್ಟು ದೊಡ್ಡದಾಗಿ ಕಾಣುತ್ತಿದ್ದಾಗ ತಮ್ಮ ಕಡೆಯ ಏಳು ವರ್ಷ ಅದರ ನೆರಳಿನಲ್ಲಿ ಅಡಗಿಹೋಯಿತು. ಹಕ್ಕಿನ ಭಾಷಣದಲ್ಲಿ ಇದು ತುಂಬಾ ಹಳೆಯ ಉಪಾಯ. ಬೆರಳು ದೂರಕ್ಕೆ ತೋರಿಸಿದರೆ ಕಣ್ಣುಗಳೆಲ್ಲ ಆ ಕಡೆ ತಿರುಗುತ್ತವೆ.

ದೂರದ ಬೆರಳಿನ ಮಾತು ಬಂದಾಗ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ನೆನಪಾಗದೆ ಇರುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನವು, ಅಂದರೆ ರಾಜ್ಯ ಸರ್ಕಾರದ್ದೇ ಕಂಪನಿ. ಜನ ಅದನ್ನು ‘ಮದ್ದು’ ಅಂತಲೇ ಕರೆಯುತ್ತಿದ್ದರು. ಗೇರಿಗೆ ಮದ್ದು ಬಿಡುತ್ತಾರೆ, ಬಾವಿ ಮುಚ್ಚಿಡಿ. ವಿಷಕ್ಕೆ ಮದ್ದು ಅಂತ ಹೆಸರಿದ್ದರೆ ಅದನ್ನು ಪ್ರಶ್ನಿಸಲು ಇಪ್ಪತ್ತು ವರ್ಷ ಬೇಕಾಗುತ್ತದೆ. ಎಣ್ಮಕಜೆಯ ವಾಣಿನಗರದಲ್ಲಿ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳನ್ನು ನೋಡಿ ಸಂಶಯ ಪಟ್ಟರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಬರೆದರು. ಪೆರಿಯದ ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಇವರಲ್ಲಿ ಯಾರೂ ದೊಡ್ಡ ಭಾಷಣಕಾರರಲ್ಲ. ಇವರು ಮಾಡಿದ್ದು ಮದ್ದನ್ನು ವಿಷ ಅಂತ ಕರೆದದ್ದು.

ದೊಡ್ಡ ಭಾಷಣಗಳು ಆಮೇಲೆ ಬಂದವು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬೇಗ ಕರಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಸಭೆ ನಡೆಯುತ್ತಿದ್ದಾಗ ಆಗಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನದ ಉಪವಾಸ ಕೂತರು. ಮುಖ್ಯಮಂತ್ರಿಯೇ ಉಪವಾಸ ಕೂರುವುದು ಮಾತಿಗಿಂತ ಬಲವಾದ ಮಾತು. ಅದರಿಂದ ದೇಶವೆಲ್ಲ ಕಾಸರಗೋಡಿನ ಕಡೆ ನೋಡಿತು, ಅದಕ್ಕೆ ನಾವು ಋಣಿಗಳು. ಆ ಸಭೆಯಲ್ಲಿ ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. ಆದರೆ ಆ ದಿನಗಳ ಎಲ್ಲಾ ಪಕ್ಷಗಳ ಭಾಷಣದಲ್ಲಿ ಎದುರಾಳಿ ದೆಹಲಿಯಲ್ಲಿ ಅಥವಾ ವಿಷ ತಯಾರಿಸುವ ಕಂಪನಿಯಲ್ಲಿ ಇದ್ದ. ಹೆಲಿಕಾಪ್ಟರ್ ತರಿಸಿದವರು ಯಾರು ಅನ್ನುವ ವಾಕ್ಯ ಅಪರೂಪ.

ಇಲ್ಲಿ ಕ್ರಿಯಾಪದದ ಆಟ ಶುರುವಾಗುತ್ತದೆ. ‘ತೊಂದರೆ ಉಂಟಾಗಿದೆ.’ ‘ದುರಂತ ಸಂಭವಿಸಿದೆ.’ ‘ಪರಿಹಾರ ವಿತರಿಸಲಾಗುವುದು.’ ಈ ಮೂರು ವಾಕ್ಯಗಳಲ್ಲಿ ಮನುಷ್ಯರೇ ಇಲ್ಲ. ಯಾರು ಉಂಟುಮಾಡಿದರು, ಯಾರು ವಿತರಿಸುತ್ತಾರೆ, ಯಾವಾಗ? ನಮ್ಮ ಮನೆಗಳಲ್ಲಿ ಯಾರೂ ‘ಅನ್ನ ಬಡಿಸಲಾಗುವುದು’ ಅನ್ನುವುದಿಲ್ಲ. ಅಮ್ಮ ಬಡಿಸುತ್ತೇನೆ ಅನ್ನುತ್ತಾರೆ, ಬಡಿಸುತ್ತಾರೆ. ‘ಲಾಗುವುದು’ ಕಡತದ ಭಾಷೆ. ಅದು ವೇದಿಕೆಗೆ ಬಂದಾಗ ಗಂಭೀರವಾಗಿ ಕೇಳುತ್ತದೆ, ಕೇಳುವವರು ತಲೆ ಆಡಿಸುತ್ತಾರೆ. ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಮಾತ್ರ ಆ ವಾಕ್ಯದಲ್ಲಿ ಇರುವುದಿಲ್ಲ.

ಹೆಸರುಗಳನ್ನೂ ನೋಡಿ. ಈ ವಿಷಕ್ಕೆ ಸಿಕ್ಕವರಿಗೆ ಮಲಯಾಳಂನಲ್ಲಿ ಸರ್ಕಾರಿ ಪದ ‘ದುರಿತಬಾಧಿತರ್’. ದುರಿತ ಅಂದರೆ ಸಂಕಟ, ಮಳೆಯ ಹಾಗೆ ಮೇಲಿನಿಂದ ಬಂದದ್ದು. ಹೋರಾಟಗಾರರು ಬಳಸುವ ಪದ ‘ಇರಗಳ್’. ಇರ ಅಂದರೆ ಬೇಟೆಗೆ ಸಿಕ್ಕ ಪ್ರಾಣಿ. ಬೇಟೆ ಇದ್ದರೆ ಬೇಟೆಗಾರನೂ ಇರಲೇಬೇಕು, ಅಲ್ವಾ? ಕನ್ನಡದಲ್ಲಿ ನಮಗೆ ‘ಸಂತ್ರಸ್ತರು’ ಅನ್ನುವ ಒಂದೇ ಪದ ಸಿಕ್ಕಿದೆ, ನೆರೆಗೂ ಅದೇ, ವಿಷಕ್ಕೂ ಅದೇ. ಇನ್ನು ‘ಪರಿಹಾರ’. ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ. ನಷ್ಟಕ್ಕೆ ಕೊಡುವ ಹಣವೂ ಪರಿಹಾರ, ಸಮಸ್ಯೆ ಬಗೆಹರಿಯುವುದೂ ಪರಿಹಾರ. ‘ಎಂಡೋಸಲ್ಫಾನ್ ಸಂತ್ರಸ್ತರಿಗೆ ಪರಿಹಾರ ಸಿಕ್ಕಿದೆ’ ಅಂತ ಒಬ್ಬರು ಹೇಳಿದರೆ ಕೇಳುವವನು ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತಾನೆ. ಮಗಳಿಗೆ ಮೂವತ್ತು ವರ್ಷವಾದರೂ ಎತ್ತಿಯೇ ಸ್ನಾನ ಮಾಡಿಸಬೇಕಾದ ತಾಯಿಗೆ ಹಣ ಬಂದಿರಬಹುದು. ಆ ಮನೆಯಲ್ಲಿ ಏನು ಪರಿಹಾರವಾಯಿತು?

ಹಣವೂ ಹೇಗೆ ಬಂತು ಅಂತ ನೋಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ಶಿಫಾರಸು ಮಾಡಿತು. ಸತ್ತವರ ಮನೆಯವರಿಗೂ ಹಾಸಿಗೆ ಹಿಡಿದವರಿಗೂ 5 ಲಕ್ಷ, ಉಳಿದ ಅಂಗವಿಕಲರಿಗೆ 3 ಲಕ್ಷ ರೂಪಾಯಿ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಎಲ್ಲರಿಗೂ 5 ಲಕ್ಷ ಕೊಡಿ ಅಂತ ಆದೇಶಿಸಿತು. ಐದು ವರ್ಷ ಕಳೆಯಿತು. ಆ ಐದು ವರ್ಷದಲ್ಲಿ ಎಷ್ಟು ಚುನಾವಣೆ, ಎಷ್ಟು ಸಭೆ, ‘ಕೊನೆಯ ಸಂತ್ರಸ್ತನವರೆಗೂ’ ಅನ್ನುವ ಮಾತು ಎಷ್ಟು ಸಲ! 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆ ಅರ್ಜಿ ವಿಚಾರಣೆಗೆ ಬಂದಾಗ ಹೊರಬಿದ್ದ ಲೆಕ್ಕ ಇದು: 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಕೋರ್ಟಿನ ಮೆಟ್ಟಿಲು ಹತ್ತಿದ ಎಂಟು ಮಂದಿಗೆ ಮಾತ್ರ. ಆ ಪಟ್ಟಿಯಲ್ಲಿ 102 ಮಂದಿ ಹಾಸಿಗೆಯಿಂದ ಏಳಲಾರದವರು. ಕೋರ್ಟ್ ಗದರಿದ ಮೇಲೆ ಪಾವತಿ ಚುರುಕಾಯಿತು.

ಹಕ್ಕಿನ ಭಾಷಣದಲ್ಲಿ ಅತಿ ಹೆಚ್ಚು ಹೆಸರಾದದ್ದು ಯಾವುದು ಅಂತ ಕೇಳಿದರೆ ತುಂಬಾ ಜನ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣ ಅನ್ನುತ್ತಾರೆ. ಕನಸಿನ ಮಾತು ಮತ್ತೆ ಮತ್ತೆ ಬರುವ ಭಾಷಣ. ಆದರೆ ಅವರು ಕನಸಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗುತ್ತಾರೆ. ಅಮೆರಿಕ ತನ್ನ ಕಪ್ಪು ಜನರಿಗೆ ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂದಿದೆ, ಅದನ್ನು ನಗದು ಮಾಡಲು ಬಂದಿದ್ದೇವೆ ಅನ್ನುತ್ತಾರೆ. ನನಗೆ ಆ ಚೆಕ್ಕೇ ಹೆಚ್ಚು ಇಷ್ಟ. ಯಾಕೆಂದರೆ ಅದರಲ್ಲಿ ಸಾಲ ತೀರಿಸಬೇಕಾದವನು ಯಾರು, ಪಡೆಯಬೇಕಾದವನು ಯಾರು ಅಂತ ಸ್ಪಷ್ಟ ಇದೆ. ಬೇಡುವ ಕೈ ಅಲ್ಲ ಅದು, ವಸೂಲಿಗೆ ಬಂದ ಕೈ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತಿಗೂ ಇದೇ ಗುಣ. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಅಸಮಾನತೆ ಅಂತ ಎದುರುಬದುರು ಇಟ್ಟರು. ಎಷ್ಟು ಕಾಲ ಹೀಗೆ ಬದುಕುತ್ತೇವೆ, ಎಷ್ಟು ಕಾಲ ಸಮಾನತೆಯನ್ನು ನಿರಾಕರಿಸುತ್ತೇವೆ ಅಂತ ಎರಡೆರಡು ಸಲ ಕೇಳಿದರು. ಅಲ್ಲಿನ ‘ನಾವು’ ಯಾರನ್ನೂ ಹೊರಗೆ ಬಿಡುವುದಿಲ್ಲ. ಮಾತಾಡಿದವರೇ ಆ ಪ್ರಶ್ನೆಯ ಒಳಗಿದ್ದಾರೆ. ಅದು ಪಕ್ಕಾ ‘ನಮ’.

ಒಂದು ಪದ ಬದಲಾಯಿಸುವುದೂ ಹಕ್ಕಿನ ಕೆಲಸವೇ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಇಂಗ್ಲಿಷಿನಲ್ಲಿ ‘ಎಲ್ಲ ಗಂಡಸರು’ ಅಂತಲೂ ಓದಬಹುದಾದ ಪದ ಇತ್ತು. ಭಾರತದ ಹಂಸಾ ಮೆಹ್ತಾ ಪಟ್ಟು ಹಿಡಿದು ‘ಎಲ್ಲ ಮನುಷ್ಯರು’ ಅಂತ ಮಾಡಿಸಿದರು.

ನಮ್ಮಲ್ಲೂ ಅಂಥ ಕ್ಷಣಗಳಿವೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಅಲ್ಲಿ ಭಾಷೆಯ ಆಯ್ಕೆಯೇ ಭಾಷಣ. ಈಚೆಗೆ, 2025ರಲ್ಲಿ ಕೇರಳ ವಿಧಾನಸಭೆ ಮಲಯಾಳಂ ಭಾಷಾ ಮಸೂದೆ ಪಾಸು ಮಾಡಿದಾಗ ಮತ್ತೆ ಎರಡೂ ಕಡೆಯ ಮಾತು ಜೋರಾಯಿತು. ಕರ್ನಾಟಕದ ಮುಖ್ಯಮಂತ್ರಿ ಪತ್ರ ಬರೆದು ಗಡಿನಾಡಿನ ಕನ್ನಡಿಗರ ಹಕ್ಕಿಗೆ ಧಕ್ಕೆ ಅಂದರು. ಕೇರಳದ ಮುಖ್ಯಮಂತ್ರಿ, ಅಲ್ಪಸಂಖ್ಯಾತ ಭಾಷೆಯವರಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಅಂದರು. ‘ಹೇರಿಕೆ’ ಒಂದು ಕಡೆ, ‘ರಕ್ಷಣೆ’ ಇನ್ನೊಂದು ಕಡೆ. ಎರಡೂ ದೊಡ್ಡ ಪದಗಳು. ಕನ್ನಡ ಗೊತ್ತಿಲ್ಲದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದ್ದಕ್ಕೆ ಇಲ್ಲಿನ ಮಕ್ಕಳೇ ಗೇಟಿನ ಹೊರಗೆ ಕೂತ ದಿನಗಳಿವೆ. ಆ ಮಕ್ಕಳಿಗೆ ಗಣಿತ ಕನ್ನಡದಲ್ಲಿ ಅರ್ಥವಾಗುವಂತೆ ಯಾರು ಹೇಳಿಕೊಡುತ್ತಾರೆ ಅನ್ನುವುದು ಈ ಎರಡು ಪದಗಳ ನಡುವೆ ಎಲ್ಲೋ ಇದೆ, ಅದನ್ನು ಹುಡುಕಿ ತೆಗೆಯಬೇಕು.

ಹುಡುಕುವ ಕಿವಿ ನಮಗೆ ಹೊಸದಲ್ಲ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು, ಅರ್ಥಧಾರಿ ಶೇಣಿಯವರ ನಾಡು. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯನ್ನು ರಾತ್ರಿ ಇಡೀ ಕೇಳುವ ಜನ ನಾವು. ಅಲ್ಲಿ ಎಷ್ಟೇ ಚೆಂದ ಮಾತಾಡಿದರೂ ಎದುರಿಗೆ ಇನ್ನೊಬ್ಬ ಅರ್ಥಧಾರಿ, ಅಂದರೆ ಎದುರು ಪಾತ್ರದ ಮಾತಾಡುವವರು, ಕೂತಿರುತ್ತಾರೆ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ರಾಮ ದೇವರಾದರೂ ಉತ್ತರ ಕೊಡದೆ ಪ್ರಸಂಗ ಮುಂದೆ ಹೋಗುವುದಿಲ್ಲ. ಉಪಮೆ ಹೇಳಿ ಜಾರಿಕೊಂಡರೆ ಎದುರಿನವರು ಹಿಡಿಯುತ್ತಾರೆ, ಅವರು ಬಿಟ್ಟರೆ ಮುಂದಿನ ಸಾಲಿನ ಅಜ್ಜ ಹಿಡಿಯುತ್ತಾರೆ. ರಾಜಕೀಯ ವೇದಿಕೆಯಲ್ಲಿ ಎದುರಿನ ಆ ಕುರ್ಚಿ ಖಾಲಿ. ತಾಳಮದ್ದಳೆಗೆ ಕೊಡುವ ಕಿವಿಯನ್ನು ನಾವು ಯಾಕೆ ಸಭೆಗೆ ಕೊಡುವುದಿಲ್ಲ ಅನ್ನುವುದು ನನಗೆ ತುಂಬಾ ದಿನದಿಂದ ಕಾಡುವ ಪ್ರಶ್ನೆ.

ಆದರೆ ಕೊಡುವವರು ಇದ್ದಾರೆ ಅಂತ ಒಂದು ಸಂಜೆ ಗೊತ್ತಾಯಿತು. ಪೇಟೆಯ ಮೂಲೆಯಲ್ಲಿ ಒಂದು ಸಭೆ. ಕನ್ನಡದಲ್ಲೇ ಭಾಷಣ, ಒಳ್ಳೆಯ ಗಂಟಲು. ‘ನಾವು ಹೋರಾಡಿದೆವು, ನಾವು ಸಹಿಸಿದೆವು, ನಾವು ಗೆದ್ದೆವು’ ಅಂತ ಮೂರು ಸಲ ಏರುದನಿಯಲ್ಲಿ ಹೇಳಿದಾಗ ಮೈ ಜುಮ್ಮೆಂದಿತು. ನನ್ನ ಪಕ್ಕದಲ್ಲಿ ಇಬ್ಬರು ವಯಸ್ಸಾದ ಹೆಂಗಸರು. ಒಬ್ಬರಿಗೆ ಕಿವಿ ಮಂದ, ಏನಂತೆ ಅಂತ ತುಳುವಿನಲ್ಲಿ ಕೇಳಿದರು. ಇನ್ನೊಬ್ಬರು ಹೇಳಲು ಬಾಯಿ ತೆರೆದು ಒಂದು ಕ್ಷಣ ತಡೆದರು. ‘ನಮ’ ಅನ್ನಬೇಕಾ, ‘ಎಂಕುಲು’ ಅನ್ನಬೇಕಾ? ಎರಡನ್ನೂ ಬಿಟ್ಟು ಅವರು ಅಂದದ್ದು, ‘ಅಕುಲು ಗೆಂದಿಯೆರ್‌ಗೆ.’ ಅವರು ಗೆದ್ದರಂತೆ. ಆಮೇಲೆ ಚೀಲ ಎತ್ತಿಕೊಂಡು, ಪೆರ್ಲದ ಬಸ್ಸು ತಪ್ಪುತ್ತದೆ ಅಂತ ಇಬ್ಬರೂ ಎದ್ದು ಹೋದರು.